ದ್ಯಾಮವ್ವ ಕಟ್ಟಿದ ಸುಂಕ

ಬೆಟಗೇರಿಯ ನೇಕಾರ ಓಣಿಯ ಕಲ್ಲಣ್ಣ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ನಕ್ಕು ಹೇಳಿ ತಮ್ಮ ತಮ್ಮ ಮನೆಗೆ ಹೋಗುತ್ತಾರೆ. ಆ ಚಕ್ರದ ಹಿಂದೆ ಸಂಸಾರ ನಡೆಸಿದವಳು ಅವನ ಹೆಂಡತಿ ದ್ಯಾಮವ್ವ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಮದುವೆಯ ಹೊತ್ತಿಗೆ ಕಲ್ಲಣ್ಣ ಮಗ್ಗದ ಮುಂದೆ ಕೂರುವವನೇ. ಮನೆ ಬಿಟ್ಟು ಕದಲದ ಗಂಡ ಸಿಕ್ಕನೆಂದು ತವರಿನವರು ಹರಕೆ ತೀರಿಸಿ ಕಳಿಸಿದ್ದರು. ಎರಡನೇ ವರ್ಷ ಮಗ್ಗದ ಲಾಳಿ ಸಿಡಿದು ಎಡಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಆಸ್ಪತ್ರೆಯಿಂದ ಬಂದವನು ಮಗ್ಗಕ್ಕೆ ದೊಡ್ಡ ನಮಸ್ಕಾರ ಹೊಡೆದು ಒಂದು ಕರಿ ಸೈಕಲ್ ಕೊಂಡ, ಹಿಂದೆ ಸೀರೆಯ ಗಂಟು ಬಿಗಿದ. ಶಿರಹಟ್ಟಿ, ಬೆಳ್ಳಟ್ಟಿ, ಮುಂಡರಗಿ, ಹೊಳೆದಂಡೆಯ ಸಿಂಗಟಾಲೂರು ಎಂದು ಊರೂರು ಸುತ್ತತೊಡಗಿದ. ಒಮ್ಮೆ ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ಬಂದರೂ ಸೀರೆ ತುಂಬಿಕೊಳ್ಳುವಷ್ಟು ಹೊತ್ತು ನಿಂತಾನು, ಬುತ್ತಿ ಕಟ್ಟಿಸಿಕೊಂಡಾನು, ಹೊರಟಾನು. ದ್ಯಾಮವ್ವ ಪರರ ಮಗ್ಗಗಳಿಗೆ ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತಿಕೊಡುತ್ತ, ಅತ್ತೆಯ ಕಾದ ಬಾಣಲೆಯಂಥ ಬಾಯಲ್ಲಿ ಬೇಯುತ್ತ, ಒಬ್ಬನೇ ಮಗ ಸಾಗರನನ್ನು ಬೆಳೆಸಿದಳು. ಅತ್ತೆ ತೀರಿಕೊಂಡ ದಿನವೂ ಗಂಡನನ್ನು ಬೆಳ್ಳಟ್ಟಿಯಿಂದ ಜನ ಹುಡುಕಿ ತರಬೇಕಾಯಿತು.

ಇಂಥವನ ಮೊಣಕಾಲು ಹೋದ ವರ್ಷ ಕೈಕೊಟ್ಟಿತು. ಗದಗಿನ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ ನೋಡಿ, ಇನ್ನು ಭಾರ ಹೊತ್ತು ಸೈಕಲ್ ತುಳಿದರೆ ಕಾಲು ಮಡಚುವುದೇ ನಿಂತೀತು ಎಂದು ಹೇಳಿದರು. ಸ್ಕೂಟರ್ ಓಡಿಸೋಣವೆಂದರೆ ಕಣ್ಣು ನೋಡಿ ಲೈಸೆನ್ಸ್ ಕೊಡುವುದಿಲ್ಲ. ಸೈಕಲ್ಲಿಗೇ ಸಣ್ಣ ಮೋಟಾರು ಕೂಡಿಸಿದರೆ ಲೈಸೆನ್ಸ್ ಬೇಡ ಎಂಬುದನ್ನು ಹುಡುಕಿ ತೆಗೆದವನು ಸಾಗರ. ಅವನಿಗೆ ಗದಗಿನ ಗಾಡಿ ಸಾಮಾನಿನ ಅಂಗಡಿಯಲ್ಲಿ ಕೆಲಸ. ಹುಬ್ಬಳ್ಳಿಯಲ್ಲಿ ಸಿಗುವ ಮೋಟಾರು ತೋರಿಸಿದರೆ ಕಲ್ಲಣ್ಣ ಮೂಗು ಮುರಿದ.

"ಹ್ಯಾಂಡಲ್ ಕಿವಿ ಹಿಂಡಿದರ ಓಡೂದು ನನಗ ಬ್ಯಾಡಲೇ. ನಾ ತುಳೀಬೇಕು, ಭಾರ ಅಷ್ಟ ಅದು ಹೊರಬೇಕು."

ಕಾಲಿನ ಒತ್ತು ಅಳೆದು ಅದಕ್ಕೆ ತಕ್ಕಷ್ಟೇ ಬಲ ಕೊಡುವ ಮೋಟಾರು ಹೊರದೇಶದಲ್ಲಿ ಸಿಕ್ಕಿತು. ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವುದಿಲ್ಲವೆಂದರು, ಅದನ್ನು ಸಾಗರ ಹುಬ್ಬಳ್ಳಿಯಿಂದ ತಂದು ದೇವರ ಮಾಡದ ಪಕ್ಕ ಇಟ್ಟ. ಉಳಿದ ಸಾಮಾನಿಗೆ ಆರ್ಡರ್ ಹಾಕಿದ. ಆಮೇಲೆ ಶುರುವಾಯಿತು ನೋಡಿ ಆ ಮನೆಯ ಗ್ರಹಚಾರ.

ಮಾರುವವನು ಮೊದಲೇ ಕೇಳಿದ್ದ: ಉಡುಗೊರೆ ಎಂದು ಬರೆದು ಕಿಮ್ಮತ್ತು ಇಳಿಸಲೇ? ಸುಂಕ ಉಳಿದೀತು. ಸಾಗರನಿಗೆ ಆಸೆಯಾಯಿತು. ಕಲ್ಲಣ್ಣ ಬೈದ. "ಹೆಂಗಸರ ಮುಂದ ಸೀರಿ ಬಿಡಿಸಿ ಖರೆ ರೇಟ ಹೇಳಿ ಬದುಕೇನಿ. ಇದ್ದದ್ದ ಬರಿ ಅನ್ನು ಅವಗ." ಆ ಪುಣ್ಯಾತ್ಮ ಕೇಳಬೇಕಲ್ಲ! ತನ್ನ ರೂಢಿಯಂತೆ ಕಡಿಮೆಯೇ ಬರೆದು ಕಳಿಸಿದ. ಮುಂಬೈಯ ಕಸ್ಟಮ್ಸಿನವರು ಪೆಟ್ಟಿಗೆ ಎತ್ತಿ ನೋಡಿ, ಇಷ್ಟು ತೂಕದ ಮೋಟಾರಿಗೆ ಇಷ್ಟೇ ಬೆಲೆಯೇ ಎಂದು ತಡೆದಿಟ್ಟರು. ಆಧಾರ್ ಕಳಿಸಿ, ದುಡ್ಡು ಕಟ್ಟಿದ ಬ್ಯಾಂಕಿನ ಪುರಾವೆ ಕಳಿಸಿ, ಯಾತಕ್ಕೆ ಬೇಕು ಬರೆದು ಕಳಿಸಿ. ಕಳಿಸಿದಷ್ಟೂ ಮತ್ತೊಂದು ಪ್ರಶ್ನೆ. ಕೊನೆಗೆ ಸುಂಕದ ಲೆಕ್ಕ ಬಂತು. ಸಾಮಾನಿನ ಬೆಲೆಗೆ ಸಾಗಾಟದ ಬಾಡಿಗೆ ಕೂಡಿಸಿ, ಎರಡರ ಮೇಲೂ ಸುಂಕ, ಅದರ ಮೇಲೆ ತೆರಿಗೆ, ಮೇಲೆ ಕೊರಿಯರಿನವರದೊಂದು ಫೀ.

"ಹಾದಿ ಖರ್ಚಿಗೂ ಸುಂಕೇನಲೇ?" ಎಂದು ಕಲ್ಲಣ್ಣ ಬಾಯಿ ತೆರೆದ.

"ಹೌದಪಾ. ಮನಿ ಬಾಗಿಲಿಗೆ ತಂದಾಗ ರೊಕ್ಕ ಕೊಡೂದು ಅಂತ ಬರದಾರ," ಎಂದ ಸಾಗರ. ಕಲ್ಲಣ್ಣ ಆ ರೊಕ್ಕವನ್ನು ವಸ್ತ್ರದಲ್ಲಿ ಕಟ್ಟಿ ಹೆಂಡತಿಯ ಕೈಗೆ ಕೊಟ್ಟ. ಅವಳು ಟ್ರಂಕಿನಲ್ಲಿಟ್ಟಳು.

ಇಷ್ಟೆಲ್ಲ ಆಗುವಷ್ಟರಲ್ಲಿ ಕಲ್ಲಣ್ಣ ಮನೆಯಲ್ಲಿ ಕೂತು ಎರಡು ತಿಂಗಳಾಗಿತ್ತು. ಮೊದಮೊದಲು ಅಂಡು ಸುಟ್ಟ ಬೆಕ್ಕಿನಂತೆ ಒಳಗೆ ಹೊರಗೆ ಅಡ್ಡಾಡಿ ದ್ಯಾಮವ್ವನ ಜೀವ ತಿಂದ. ಅಡಿಗೆಮನೆಯ ಡಬ್ಬಿಗಳ ಜಾಗ ಬದಲಿಸಿದ, ಒಲೆಯ ಉರಿಗೆ ಬುದ್ಧಿ ಹೇಳಿದ, ಸಾಗರ ಕಂಡರೆ ಸಾಕು "ಎಲ್ಲಿಗೆ ಬಂತು ನೋಡು" ಎಂದು ಅವನ ಮೊಬೈಲಿಗೆ ಮುಗಿಬಿದ್ದ. ಒಂದು ಮಧ್ಯಾಹ್ನ ಮಾಡಲಿಕ್ಕೆ ಏನೂ ಉಳಿಯದೆ ಅವಳ ರಾಟಿಯ ಎದುರು ಬಂದು ಕೂತು, ಹರಿದ ಎಳೆ ಹುರಿಮಾಡಿ ಕೊಡತೊಡಗಿದ. ಬಾಯಿ ಸುಮ್ಮನಿರಬೇಕಲ್ಲ, ಊರುಗಳ ಸುದ್ದಿ ಹೇಳಿದ. ಬೆಳ್ಳಟ್ಟಿಯ ಒಬ್ಬ ಮುದುಕಿ ಪ್ರತಿ ವರ್ಷ ಒಂದೇ ಸೀರೆ ಕೊಳ್ಳುತ್ತಾಳೆ, ಹೋದ ವರ್ಷದ್ದು ಬಣ್ಣ ಬಿಟ್ಟಿತೆಂದು ಮನಸಾರೆ ಬೈದೇ ಕೊಳ್ಳುತ್ತಾಳೆ. ಸಿಂಗಟಾಲೂರಿನಲ್ಲಿ ಹೊಳೆ ತುಂಬಿದರೆ ಮಾತಾಡಿದ್ದು ಕೇಳುವುದಿಲ್ಲ, ಕೈಸನ್ನೆಯಲ್ಲೇ ವ್ಯಾಪಾರ. ದ್ಯಾಮವ್ವ ನಕ್ಕು ನಕ್ಕು ಎಳೆ ತಪ್ಪಿಸಿದಳು. ಇವೆಲ್ಲ ತನ್ನ ಗಂಡನ ಹೊಟ್ಟೆಯಲ್ಲಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಲ್ಲಿಯವರೆಗೆ ಊಟಕ್ಕೂ ಹೊತ್ತಿಗೆ ಕೂತವನಲ್ಲ; ಅಂದು ಒಲೆಯ ಮೇಲಿನ ರೊಟ್ಟಿ ನೇರ ಅವನ ತಾಟಿಗೆ ಬಿತ್ತು. ಒಂದು ತುತ್ತು ಮುರಿದು ಬಾಯಿಗಿಟ್ಟವನು, "ನಿನ್ನ ರೊಟ್ಟಿ ಬಿಸೀದು ಹಿಂಗಿರತೈತೇನ!" ಎಂದ. ಬುತ್ತಿಯ ತಣ್ಣನೆ ರೊಟ್ಟಿಯನ್ನೇ ಉಂಡು ಬಾಳಿದ ಗಂಡಸು. ದ್ಯಾಮವ್ವ ಮುಖ ಒಲೆಯ ಕಡೆಗೆ ತಿರುಗಿಸಿಕೊಂಡಳು. ಹೊಗೆಯ ನೆಪ ಬೇಕಾಗಿತ್ತು ಅವಳಿಗೆ.

ಅಂದಿನಿಂದ ಪೆಟ್ಟಿಗೆ ಹತ್ತಿರ ಬಂದಷ್ಟೂ ಅವಳ ಸಂಕಟ ಹೆಚ್ಚತೊಡಗಿತು. ಮುಂಬೈ ಬಿಟ್ಟಿತು ಎಂದರೆ ಅಪ್ಪ ಮಗ ಕುಣಿದರು. ಇವಳು ರಾಟಿಯಿಂದ ತಲೆ ಎತ್ತಲಿಲ್ಲ.

ಬಂದದ್ದು ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ. ಕಲ್ಲಣ್ಣ ಸೈಕಲ್ ತಳ್ಳಿಕೊಂಡು ಮೋಟಾರು ಕೂಡಿಸಬೇಕಾದ ಫಿಟ್ಟರ್ ಗಾಳೆಪ್ಪನ ಅಂಗಡಿಗೆ ಹೋಗಿದ್ದ. ಕೊರಿಯರಿನ ಹುಡುಗ ರಮೀಜ ಪೆಟ್ಟಿಗೆಯನ್ನು ಕಟ್ಟೆಯ ಮೇಲಿಟ್ಟು ಸುಂಕದ ರೊಕ್ಕ ಕೇಳಿದ.

"ಶುಕ್ರವಾರ ಸಂಜಿ ಮುಂದ ಲಕ್ಷ್ಮಿ ಹೊರಗ ಕೊಡಂಗಿಲ್ಲಪಾ," ಎಂದಳು ದ್ಯಾಮವ್ವ. ಸುಳ್ಳೇನಲ್ಲ, ಆ ಓಣಿಯಲ್ಲಿ ಯಾರೂ ಕೊಡುವುದಿಲ್ಲ.

"ಗೊತ್ತೈತ್ರಿ ಅವ್ವಾರ. ನಾಳೆ ಮುಂಜಾನಿ ಬರ್ತೀನಿ ತಗೋರಿ."

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾಳೆ ಎಂಬ ಮಾತು ಕೇಳಿದ್ದೇ ತಡ, ದ್ಯಾಮವ್ವನ ಬಾಯಿಂದ ಬಂದುಬಿಟ್ಟಿತು: "ನಾಳೆನೂ ಬರಬ್ಯಾಡ. ನಮಗ ಬ್ಯಾಡಾಗೈತಿ. ಹೊಳ್ಳಿ ಒಯ್ಯಿ."

ರಮೀಜ ಎರಡು ಸಲ ಕೇಳಿದ. ಆಮೇಲೆ ಮೊಬೈಲು ಮುಂದೆ ಹಿಡಿದ. ಅವಳು ಗಾಜಿನ ಮೇಲೆ ಬೆರಳಾಡಿಸಿ ಸಹಿ ಮಾಡಿದಳು. ಪೆಟ್ಟಿಗೆ ಮತ್ತೆ ಗಾಡಿ ಏರಿತು.

ಮರುದಿನ ಸಾಗರ ಕೊರಿಯರಿನವರಿಗೆ ಫೋನು ಹಚ್ಚಿ ಹಚ್ಚಿ ಸೋತು, ಸಂಜೆ ಬಂದು ಹೇಳಿದ: "ಬಾಗಿಲಾಗ ಬ್ಯಾಡ ಅಂದಾರಂತಪಾ. ಬ್ಯಾಡ ಅಂದದ್ದು ಹೊಳ್ಳಿ ಕೊಡಂಗಿಲ್ಲಂತ, ಸೋಮವಾರ ಮಧ್ಯಾಹ್ನ ಮುಂಬೈಗೆ ವಾಪಸ್ ಹೋಗತೈತಂತ. ಒಮ್ಮೆ ದೇಶ ದಾಟಿತಂದ್ರ ಮತ್ತ ಹೊಸದಾಗಿ ಬಾಡಿಗಿ, ಹೊಸದಾಗಿ ಸುಂಕ. ನಮ್ಮ ಕಡಿಂದ ಆಗಂಗಿಲ್ಲ."

"ನಮ್ಮ ಮನ್ಯಾಗ ಬ್ಯಾಡ ಅನ್ನಾವ್ರು ಯಾರದಾರಲೇ?" ಕಲ್ಲಣ್ಣ ಕೂಗಾಡಿದ. "ಮನೀಗೆ ಬರಲಾರದನ ಸುಳ್ಳ ಬರದಾರ ಸುಳ್ಳಮಕ್ಕಳು!"

ದ್ಯಾಮವ್ವ ಎದ್ದು ಅಡಿಗೆಮನೆಗೆ ಹೋದಳು. ಬೈದಿದ್ದರೆ ಸಹಿಸುತ್ತಿದ್ದಳು. ಅವಳ ಮೇಲೆ ಅನುಮಾನವೇ ಬರಲಿಲ್ಲವಲ್ಲ ಆ ಪ್ರಾಣಿಗೆ, ಅದನ್ನು ಸಹಿಸುವುದು ಹೇಗೆ? ಬಿಸಿ ತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಮೊದಲಿನಂತೆ ಕಲ್ಲಣ್ಣ ಅಡ್ಡಾಡಿದ್ದರೂ ಆಗುತ್ತಿತ್ತು. ಅಡ್ಡಾಡಲಿಲ್ಲ. ಗೋಡೆಗೆ ಮುಖಮಾಡಿ ಕೂತುಬಿಟ್ಟ. ಭಾನುವಾರ ಬಿಸಿ ರೊಟ್ಟಿ ತಾಟಿನಲ್ಲಿ ಆರಿ ಕಟ್ಟಿಗೆಯಾಯಿತು. ಎಳೆ ಹಿಡಿಯಲು ಬಾ ಎಂದು ಕರೆದರೆ, "ನನ್ನ ಕಡಿಂದ ಇನ್ನ ಏನ ಆಕ್ಕೈತಿ ಬಿಡು" ಎಂದ. ಮನೆಯಲ್ಲಿ ಗಂಡ ಬೇಕೆಂದವಳಿಗೆ ಗಂಡ ಸಿಕ್ಕಿದ್ದ, ಮಾತಿಲ್ಲದವನು, ನಗುವಿಲ್ಲದವನು. ಇಡೀ ದಿನ ಅವಳು ರಾಟಿಯ ಮುಂದೆ ಕೂತಳು, ಎದ್ದಳು, ಬಾಗಿಲಿಗೆ ಹೋದಳು, ತಿರುಗಿ ಬಂದಳು. ಅವನ ಚಡಪಡಿಕೆಯೆಲ್ಲ ಇವಳ ಮೈಗೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಟ್ರಂಕಿನ ರೊಕ್ಕ ಸೆರಗಿಗೆ ಕಟ್ಟಿಕೊಂಡು, ಸಂತೆಗೆ ಎಂದು ಸುಳ್ಳು ಹೇಳಿ ಗದಗಿನ ಕೊರಿಯರ್ ಆಫೀಸಿಗೆ ಆಟೋ ಹತ್ತಿದಳು. ಮೇಜಿನ ಹಿಂದೆ ಅಂಕಿತಾ ಎಂಬ ಹುಡುಗಿ ಕೂತಿದ್ದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆ ದ್ಯಾಮವ್ವನಿಗೆ ಗೊತ್ತಿತ್ತು. ಆದರೂ ಎಲ್ಲ ಹೇಳಿಕೊಂಡಳು: ಲಾಳಿ, ಕಣ್ಣು, ಮೊಣಕಾಲು, ರೊಟ್ಟಿ. ಹುಡುಗಿ ಮನಸಿಟ್ಟು ಕೇಳಿದಳು, ಆದರೆ ನಿಯಮ ನಿಯಮವೇ.

"ಬ್ಯಾಡ ಅಂದ ಪಾರ್ಸಲ್ ಹಂಗ ಕೊಡಾಕ ಬರಂಗಿಲ್ರಿ ಅವ್ವಾರ. ಪೆಟ್ಟಿಗಿ ಮ್ಯಾಲಿದ್ದ ನಂಬರಿಗೆ ಓಟಿಪಿ ಕಳಸ್ತೀನಿ. ಅದನ್ನ ಹೇಳಿದರ ಕೊಡ್ತೀನಿ. ಮುಂಬೈ ಗಾಡಿ ಬರೂದರಾಗ ಆಗಬೇಕ್ರಿ."

ಆ ನಂಬರು ಸಾಗರನದು. ದ್ಯಾಮವ್ವ ಮಗನಿಗೆ ಫೋನು ಮಾಡಿದಳು.

"ಸಾಗರಾ, ನಿನ್ನ ಮೊಬೈಲಿಗೆ ಒಂದು ನಂಬರ್ ಬಂದಿರತೈತಿ. ಹೇಳು."

"ಅವ್ವಾ? ನೀ ಎಲ್ಲಿದಿ?"

"ಕೊರಿಯರ್ ಆಫೀಸ್ನ್ಯಾಗ. ಹೊಳ್ಳಿ ಕಳಿಸಿದಾಕಿ ನಾನ. ಬಯ್ಯೂದು ಮನ್ಯಾಗ ಬಯ್ಯಿ. ಈಗ ನಂಬರ್ ಹೇಳು."

ಸಾಗರ ಒಂದೊಂದೇ ಅಂಕಿ ಹೇಳಿದ. ಅವಳು ಒಂದೊಂದೇ ತಿರುಗಿ ಹೇಳಿದಳು. ಸೆರಗಿನ ಗಂಟು ಬಿಚ್ಚಿ ಸುಂಕ ಕಟ್ಟಿ ರಸೀತಿ ತೆಗೆದುಕೊಂಡಳು. ಪೆಟ್ಟಿಗೆ ಹೆಣಭಾರ. ಆಟೋದವನು ಎತ್ತಿ ಒಳಗಿಟ್ಟ, ಅವಳು ದಾರಿಯುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದು ಕೂತಳು.

ಪೆಟ್ಟಿಗೆ ಕಂಡ ಕಲ್ಲಣ್ಣ ಮೊಣಕಾಲನ್ನೂ ಮರೆತು ಎದ್ದು ನಿಂತ. ಗಾಳೆಪ್ಪನಿಗೆ ಜಲ್ದಿ ಬಾ ಎಂದು ಫೋನು ಮಾಡಿದ, ಕತ್ತರಿ ಹುಡುಕಿ ತಂದ. ಟೇಪಿಗೆ ಕತ್ತರಿ ಹಚ್ಚಿದಾಗ ದ್ಯಾಮವ್ವ ಹೇಳಿದಳು.

"ಬಿಚ್ಚೂಕಿಂತ ಮೊದಲ ಕೇಳ್ರಿ. ಅದು ಶುಕ್ರವಾರ ಬಂದಿತ್ತು. ಬ್ಯಾಡ ಅಂದಾಕಿ ನಾನ."

ಕಲ್ಲಣ್ಣನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. "ಯಾಕ? ನಾ ಏನ ಅನ್ಯಾಯ ಮಾಡಿದ್ದೆ ನಿನಗ?"

"ಅದು ಬಂದ್ರ ನೀವು ಮತ್ತ ಊರೂರು ಹೊಕ್ಕೀರಿ. ನನಗ ನೀವು ಮನ್ಯಾಗ ಬೇಕಾಗಿತ್ರಿ."

"ಹಂಗಂತ ಬಾಯಿಬಿಟ್ಟು ಹೇಳಬೇಕಿತ್ತಿಲ್ಲ?" ಅವನು ಗುಡುಗಿದ. "ಇಷ್ಟ ವರ್ಷದಾಗ ಒಂದ ದಿನರ ಹೇಳಿದೇನ?"

"ಹೇಳಾಕ ನೀವು ಮನ್ಯಾಗ ಎಲ್ಲಿದ್ರಿ?"

ಕಲ್ಲಣ್ಣ ಇದ್ದ ಒಂದು ಕಣ್ಣಿನಿಂದ ಅವಳನ್ನೇ ನೋಡುತ್ತ ನಿಂತ. ದ್ಯಾಮವ್ವನೂ ತಲೆ ತಗ್ಗಿಸಲಿಲ್ಲ.

ಅಷ್ಟರಲ್ಲಿ ಹೊರಗೆ ಗಾಳೆಪ್ಪ ನಟ್ಟು ಬಿಗಿಯುವ ಪಾನಾಗಳ ಚೀಲ ಕುಲುಕುತ್ತ ಬಂದ. "ಕಲ್ಲಣ್ಣಾರ, ಬಂತಂತಲ್ರೀ! ಕೂಡಸೂಣೇನು? ನಾಳೆ ಮುಂಡರಗಿ ಹಾದಿ ಹಿಡೀಬೋದು ನೀವು!"

ಕಲ್ಲಣ್ಣ ಕತ್ತರಿಯನ್ನು ಕೆಳಗಿಟ್ಟ. ಕುಂಟುತ್ತ ಬಾಗಿಲಿಗೆ ಹೋದ.

"ಇವತ್ತ ಬ್ಯಾಡ ಗಾಳೆಪ್ಪಾ," ಎಂದ. "ಮನ್ಯಾಗ ಮಾತಾಡೂದೈತಿ." ಬಾಗಿಲು ಎಳೆದುಕೊಂಡ.