ಸ್ಟೋರಿನ ಕಿಟಕಿ

ಇವತ್ತು ಬೆಳಿಗ್ಗೆ ಒದ್ದೆ ಪೇಪರಿನಿಂದ ಕಿಟಕಿ ಒರೆಸುವಾಗ, ನೆಂದ ಧೂಳಿನ ವಾಸನೆಗೆ ಕೈ ನಿಂತುಬಿಟ್ಟಿತು.

ಹಾನುಬಾಳಿನ ಹತ್ತಿರದ ಈ ಮನೆಗೆ ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬೀಳುವವರೆಗೂ ಜೀಪಿನ ಕೆಂಧೂಳು ತಪ್ಪಿದ್ದಲ್ಲ. ಅಮ್ಮ ದಿನಾ ಎಲ್ಲ ಗಾಜೂ ಒರೆಸುತ್ತಿದ್ದಳು, ಭತ್ತವಿಟ್ಟ ಸ್ಟೋರಿನದೊಂದನ್ನು ಬಿಟ್ಟು. ಅದನ್ನು ಮೊದಲು ಅಪ್ಪ ನೋಡಬೇಕು. ರಾತ್ರಿ ಭತ್ತದ ವಾಸನೆಗೆ ಆನೆ ಬಂದು ಸೊಂಡಿಲು ಆಡಿಸಿದ್ದರೆ ಆ ಧೂಳಿನಲ್ಲಿ ಗುರುತಿರುತ್ತಿತ್ತು. ಅವತ್ತು ಯಾರೂ ತೋಟಕ್ಕೆ ಇಳಿಯುವಂತಿಲ್ಲ.

ನಾನು ಚಿಕ್ಕಂದಿನಲ್ಲಿ ಒಮ್ಮೆ, ನೆಂಟರು ಬರುವ ದಿನ, ಶಭಾಷ್ ಅನ್ನಿಸಿಕೊಳ್ಳಲು ಮೊದಲೇ ಎದ್ದು ಆ ಗಾಜನ್ನೂ ಉಜ್ಜಿದೆ. ಅಗಲವಾದ ಕೆಸರಿನ ಪಟ್ಟಿಯಿತ್ತು. ಕರು ನೆಕ್ಕಿರಬೇಕು ಅಂದುಕೊಂಡೆ.

ಅಪ್ಪ ಅಂಗಳದಿಂದಲೇ ಗಾಜಿನತ್ತ ಕಣ್ಣು ಹಾಯಿಸಿ, ಆಳುಗಳಿಗೆ "ಏನೂ ಬಂದಿಲ್ಲ ಕಣ್ರೋ, ಇಳೀರಿ" ಅಂದ. ನನಗೆ ಸೀಬೆಹಣ್ಣು ತಂದುಕೊಡುತ್ತಿದ್ದ ಆಳು ನಿಂಗಮ್ಮ ಎಲ್ಲರಿಗಿಂತ ಮುಂದೆ ಹೋದಳು. ಸ್ವಲ್ಪ ಹೊತ್ತಿಗೆ ಕೂಗು ಕೇಳಿತು. ಅವಳನ್ನು ಹೊತ್ತು ತಂದಾಗ ಉಸಿರಿರಲಿಲ್ಲ.

ಅಪ್ಪ ಬಂದು ಗಾಜು ಮುಟ್ಟಿ ನೋಡಿದ. "ಇದನ್ನ ಯಾರು ಒರೆಸ್ಬುಟ್ಟಿದ್ದು?"

ಪೇಪರಿನ ಮಸಿ ಹತ್ತಿದ್ದ ನನ್ನ ಕೈಯನ್ನು ಅಮ್ಮ ಸೆರಗಿನೊಳಗೆ ಎಳೆದುಕೊಂಡಳು. "ನಾನೇ ಕಣ್ರೀ."

ಈಗ ಆನೆ ಬಂದರೆ ಅರಣ್ಯ ಇಲಾಖೆಯಿಂದ ಮೊಬೈಲಿಗೇ ಮೆಸೇಜು ಬರುತ್ತದೆ. ಇವತ್ತು ಮೆಸೇಜು ಬಂದಿಲ್ಲ. ಆದರೆ ಸ್ಟೋರಿನ ಗಾಜಿನ ಮೇಲೆ ಕೆಸರಿನ ಪಟ್ಟಿಯೊಂದು ಇನ್ನೂ ಒದ್ದೆಯಾಗಿದೆ. ನಾನು ಯಾರನ್ನೂ ತೋಟಕ್ಕೆ ಬಿಟ್ಟಿಲ್ಲ.