ಮರುಭೂಮಿಯ ಟೆಂಟು, ಕಾಡಿನ ಕೆರೆ

ಕಳೆದ ತಿಂಗಳು ಅಟ್ಟ ಗುಡಿಸಲೆಂದು ಏಣಿ ಹತ್ತಿದ ನನ್ನ ಹೆಂಡತಿ ನಸೀಮಾ ಹಸಿರು ಕ್ಯಾನ್ವಾಸಿನ ದಪ್ಪ ಚೀಲವೊಂದನ್ನು ಏಣಿಯ ಮೇಲಿಂದಲೇ ಕೆಳಗೆ ಬಿಟ್ಟಳು. ಅದು ನೆಲಕ್ಕೆ ಬಿದ್ದು ಒಮ್ಮೆ ಉಸಿರು ಬಿಟ್ಟಿತು. ಒದ್ದೆ ನಾಯಿ, ಹಳಸಿದ ಗಂಜಿ, ಮಳೆಗಾಲವಿಡೀ ಮೂಲೆಯಲ್ಲಿ ಬಿದ್ದಿದ್ದ ಶಾಲೆಯ ಬೂಟು, ಇವೆಲ್ಲ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದರೆ ಹುಟ್ಟಬಹುದಾದ ವಾಸನೆ. "ಇದರೊಳಗೆ ಎಂತ ಸತ್ತಿದೆ?" ಎಂದು ನಸೀಮಾ ಮೂಗು ಮುಚ್ಚಿಕೊಂಡು ಕೇಳಿದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಬೂಷ್ಟು ಶ್ವಾಸಕೋಶಕ್ಕೆ ಹೋದರೆ ಏನೇನು ಕಾಯಿಲೆ ಬರುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮತ್ತೆ ಹತ್ತಿರ ಹೋಗಿ, ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಬಗ್ಗಿ ಇನ್ನೊಮ್ಮೆ ಮೂಸಿದೆ. ಒಳಗೆ ಏನೂ ಸತ್ತಿರಲಿಲ್ಲ. ಅದು ಆದಂ ಮಾಮನ ಟೆಂಟು. ಆ ವಾಸನೆ ಘಾಟಿಯ ಮೇಲಿನ ಒಂದು ಕೆರೆಯದು.

ನಾನು ಶಾಲೆಗೆ ಹೋಗುವಾಗ ನಾವೆಲ್ಲ ಮೆಲ್ಕಾರಿನಲ್ಲಿ ಅಜ್ಜಿಯ ಮನೆಯಲ್ಲಿದ್ದೆವು. ಉಮ್ಮ, ಚಿಕ್ಕಮ್ಮಂದಿರು, ಅವರ ಮಕ್ಕಳು, ಬಂದವರು, ಬಂದು ಹೋಗದವರು, ಎಷ್ಟು ಜನವೆಂದು ಅಜ್ಜಿಗೂ ಲೆಕ್ಕ ಸಿಗುತ್ತಿರಲಿಲ್ಲ. ಪತ್ತಿರ್ ರೊಟ್ಟಿ ತಟ್ಟುವ ಸದ್ದು ಮುಂಜಾನೆ ಶುರುವಾದರೆ ಅದು ನಿಲ್ಲುವಾಗ ಮೊದಲು ತಿಂದವನಿಗೆ ಮತ್ತೆ ಹಸಿವಾಗಿರುತ್ತಿತ್ತು. ಆ ಮನೆ ಈಗ ಇಲ್ಲ. ಹೆದ್ದಾರಿ ಅಗಲವಾದಾಗ ಅಡುಗೆಮನೆ ಸರ್ವಿಸ್ ರಸ್ತೆಯಾಯಿತು, ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಜಗಲಿಯ ಜಾಗದಲ್ಲಿ ಈಗ ಕಾಂಕ್ರೀಟಿನ ಚರಂಡಿ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ಮರ್ಯಾದೆಗೆ ಹೇಳಿದ ಮಾತು. ಅದು ಸುಮ್ಮನೆ ನಿಂತು ನಾರುತ್ತದೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗ ನಾನು ಇನ್ನೊಂದು ಬದಿಯ ಕಿಟಕಿಯ ಹತ್ತಿರ ಕೂರುತ್ತೇನೆ.

ಆದಂ ಮಾಮ ಉಮ್ಮನ ತಮ್ಮ. ಗಲ್ಫಿನಲ್ಲಿ ಒಂದು ದೊಡ್ಡ ಮನೆಯವರಿಗೆ ಡ್ರೈವರ್ ಆಗಿದ್ದ. ಮದುವೆಯಾಗಿರಲಿಲ್ಲ. ಅವನು ರಜೆಗೆ ಬರುವಾಗ ಮನೆಯಲ್ಲಿ ಅತ್ತರು, ಕಂಬಳಿ, ಬಾದಾಮಿಯ ಕನಸುಗಳೇ. ಝೊಹರಾ ಚಿಕ್ಕಮ್ಮನಂತೂ ಆ ಸಲ ಮಿಕ್ಸಿ ಬರುತ್ತದೆಂದು ನಂಬಿ ಅಡುಗೆಮನೆಯ ಕಲ್ಲಿನ ಮೇಲೆ ಜಾಗ ಖಾಲಿ ಮಾಡಿಟ್ಟಿದ್ದಳು. ಮಾಮ ತಂದದ್ದು ಈ ಟೆಂಟು. ಹೊರಗೆ ಬೂದು ಬಣ್ಣದ ದಪ್ಪ ಹತ್ತಿಬಟ್ಟೆ, ಒಳಗೆ ಮದುವೆಮನೆಯ ಹಾಗೆ ಹೂ ಬಳ್ಳಿಯ ಕೆಂಪು ಬಟ್ಟೆ. ಅವನ ಯಜಮಾನರು ಹೊಸದು ಕೊಂಡಾಗ ಹಳೆಯದನ್ನು ಇವನಿಗೆ ಕೊಟ್ಟಿದ್ದರು. ಚಿಕ್ಕಮ್ಮ ಅದನ್ನು ಎರಡು ಬೆರಳಿನಿಂದ ಎತ್ತಿ ನೋಡಿ, "ಬೇರೆಯವರು ಮಲಗಿ ಬಿಟ್ಟದ್ದು" ಎಂದು ಮುಖ ಹಿಂಡಿದಳು. ಘಾಟಿಯ ಮೇಲೆ, ರಾಷ್ಟ್ರೀಯ ಉದ್ಯಾನದೊಳಗಿನ ಒಂದು ಕೆರೆಯ ದಂಡೆಯಲ್ಲಿ ಕ್ಯಾಂಪು ಮಾಡಲು ಬಿಡುತ್ತಾರಂತೆ, ಎಲ್ಲರೂ ಹೋಗುವ ಎಂದ ಮಾಮ. ಮನೆ ಇರುವವರು ಕಾಡಿನಲ್ಲಿ ಯಾಕೆ ಮಲಗಬೇಕು ಎಂದು ಅಜ್ಜಿ ಕೇಳಿದಳು. ಮಾಮ ಹೆಚ್ಚು ಮಾತಿನವನಲ್ಲ. ಆ ದಿನ ಮಾತ್ರ ಅನ್ನದ ಬಟ್ಟಲಿನಿಂದ ತಲೆ ಎತ್ತದೆ ತನ್ನ ತಾಯಿಗೆ ಹೇಳಿದ: ಪ್ರತಿ ಚಳಿಗಾಲ ಆ ಮನೆಯವರು ಮರುಭೂಮಿಗೆ ಹೋಗುತ್ತಾರೆ. ಟೆಂಟು ಕಟ್ಟುವುದು, ರತ್ನಗಂಬಳಿ ಹಾಸುವುದು, ಕೆಂಡ ಮಾಡುವುದು ಎಲ್ಲ ಇವನೇ. ಆಮೇಲೆ ಇವನು ಗಾಡಿಯ ಸೀಟಿನಲ್ಲಿ ಮಲಗುವುದು.

"ಒಳಗೆ ಅವರು ನಗುವುದು ಕೇಳ್ತದೆ, ಉಮ್ಮಾ. ತಾಯಿ, ಮಕ್ಕಳು, ಎಲ್ಲ ಒಟ್ಟಿಗೆ. ಒಂದು ಸಲ ನಮ್ಮವರು ನಗುವಾಗ ನಾನೂ ಒಳಗೆ ಇರ್ಬೇಕು. ಅಷ್ಟೇ."

ಅಕ್ಟೋಬರ್ ರಜೆಯಲ್ಲಿ ಎರಡು ಬಾಡಿಗೆ ಜೀಪುಗಳಲ್ಲಿ ಪುಂಜಾಲಕಟ್ಟೆ, ಗುರುವಾಯನಕೆರೆ, ನಾರಾವಿ ದಾಟಿ ಘಾಟಿ ಹತ್ತಿದೆವು. ತಿರುವುಗಳಲ್ಲಿ ನಾವು ಮಕ್ಕಳು ಸರದಿಯ ಪ್ರಕಾರ ವಾಂತಿ ಮಾಡಿದೆವು. ಯಾರೋ ಮಾಡಿದ್ದನ್ನು ನೋಡಿ ನಾನು ಎರಡು ಸರದಿ ಮಾಡಿದೆ. ಚೆಕ್‌ಪೋಸ್ಟಿನ ಗಾರ್ಡು ಚೀಲ ಬಿಚ್ಚಿಸಿ, ಕೆಂಪು ಬಟ್ಟೆ ನೋಡಿ, ಮದುವೆಯಾ ಎಂದು ಕೇಳಿದ. ಅಲ್ಲ, ಮಲಗಲಿಕ್ಕೆ ಎಂದ ಮಾಮ. ಗಾರ್ಡು ನಮ್ಮೆಲ್ಲರನ್ನೂ ಒಮ್ಮೆ ನೋಡಿ, "ಮನೆ ಇಲ್ವಾ ಮಾರಾಯ್ರೆ?" ಎಂದ. "ಕೇಳು, ಅವರೂ ಅದನ್ನೇ ಕೇಳ್ತಾರೆ" ಎಂದಳು ಅಜ್ಜಿ ಜೀಪಿನೊಳಗಿಂದ.

ಕೆರೆಯ ಬಗ್ಗೆ ಚಂದದ ಮಾತು ಬರೆಯಬೇಕೆಂದು ನನಗೂ ಆಸೆ ಉಂಟು. ಗುಡ್ಡದ ನೆರಳು ಬಿದ್ದ ಕಪ್ಪು ನೀರು, ಮೇಲೆ ಮಂಜು, ಎಲ್ಲ ಇತ್ತು. ಆದರೆ ನನಗೆ ನೆನಪಿರುವುದು ದಂಡೆಯ ಕೆಸರು. ಕಾಲಿಟ್ಟರೆ ಪಾದದ ಬೆರಳುಗಳ ಸಂದಿಯಿಂದ ಹಲ್ವದ ಹಾಗೆ ಮೇಲೆ ಬರುತ್ತಿತ್ತು, ಕೊಳೆತ ಎಲೆಯ ವಾಸನೆ ಸಮೇತ. ಆ ಕೆಸರಿನಲ್ಲಿ ರಕ್ತ ಹೀರುವ ಉಂಬಳ. ಉಂಬಳ ಮೂಗಿನೊಳಗೆ ಹೋಗಿ ಅಲ್ಲೇ ಮನೆ ಮಾಡುತ್ತದೆಂದು ಶಾಲೆಯಲ್ಲಿ ಯಾರೋ ಹೇಳಿದ್ದನ್ನು ನಂಬಿ ನಾನು ಮೂಗಿಗೆ ಹತ್ತಿ ತುರುಕಿದ್ದೆ, ಪ್ಯಾಂಟಿನ ಕಾಲಿಗೆ ಹುರಿ ಕಟ್ಟಿದ್ದೆ, ಎರಡೂ ಕೈಗೆ ಕಾಲುಚೀಲ ಹಾಕಿಕೊಂಡಿದ್ದೆ. ಬಾಯಿಯಿಂದ ಉಸಿರಾಡುತ್ತ, ಕಾಲು ಅಗಲಿಸಿ ನಡೆಯುತ್ತಿದ್ದ ನನ್ನನ್ನು ನೋಡಿದರೆ ಉಂಬಳಕ್ಕೇ ಅಸಹ್ಯವಾಗಬೇಕು. ತಗಡಿನ ಪಾಯಿಖಾನೆಯ ಬಾಗಿಲು ತೆರೆದ ಝೊಹರಾ ಚಿಕ್ಕಮ್ಮ ಅದೇ ಕ್ಷಣ ಮುಚ್ಚಿ, ಮನೆಗೆ ಮುಟ್ಟುವವರೆಗೆ ಒಂದು ಹನಿ ನೀರು ಕುಡಿಯುವುದಿಲ್ಲ ಎಂದಳು. ಒಳಗೆ ಏನಿತ್ತೆಂದು ಅವಳು ಸಾಯುವವರೆಗೂ ಹೇಳಲಿಲ್ಲ. ಮರಳಿಗೆಂದು ಮಾಡಿದ ಟೆಂಟಿಗೆ ತಳವೇ ಇಲ್ಲವೆಂದು ಎಲ್ಲರಿಗೂ ಗೊತ್ತಾದದ್ದು ಕಟ್ಟಿ ಮುಗಿಸಿದ ಮೇಲೆ. ಗೋಡೆಯ ಬಟ್ಟೆ ನೆಲಕ್ಕೆ ತಾಗಿದರೆ ಮುಗಿಯಿತು, ಒಳಗೂ ಅದೇ ಕೆಸರು. ಮಾಮ ಮನೆಯಿಂದ ತಂದ ಚಾಪೆಗಳನ್ನು ಹಾಸಿ, ಬಾಗಿಲ ಬಟ್ಟೆ ಎತ್ತಿ ಹಿಡಿದು, ಅತಿಥಿಗಳನ್ನು ಕರೆಯುವವನ ಹಾಗೆ ನಿಂತ. ಹೆಂಗಸರು ಒಬ್ಬೊಬ್ಬರಾಗಿ ಇಣುಕಿ ನೋಡಿ, ಮೂಗು ಹಿಡಿದು ಜೀಪಿಗೆ ವಾಪಸು ಹೋದರು. ಅಜ್ಜಿ ಮಾತ್ರ ಒಳಗೆ ಹೋದಳು. ಪೇಟೆಯ ಸುಣ್ಣವನ್ನು ನಂಬದ ಅವಳು ಒಂದು ಕರಟದ ತುಂಬ ಮನೆಯ ಸುಣ್ಣವನ್ನೇ ತಂದಿದ್ದಳು. ಗೊಣಗುತ್ತ ಗೊಣಗುತ್ತ, ತಾನು ಕೂರುವ ಬದಿಯಲ್ಲಿ ಬಟ್ಟೆಯ ಕೆಳಗಿನ ಅಂಚಿನ ಉದ್ದಕ್ಕೂ ಬೆರಳಿನಿಂದ ಸುಣ್ಣ ಬಳಿದಳು. ದಾಟಿ ಬರಲಿ ನೋಡುವ ಎಂದು ಉಂಬಳಗಳಿಗೆ ಹೇಳಿ, ಕಾಲು ಚಾಚಿ ಕೂತಳು.

ಇಳಿಹೊತ್ತಿನ ಅಸರ್ ನಮಾಜು ಆಗುವಾಗ ಗುಡುಗಿತು. ಮಳೆ ಸುರಿದ ರೀತಿಗೆ ಜೀಪಿನ ಹೊದಿಕೆ ಜರಡಿಯಾಯಿತು. ಹೋದವರೆಲ್ಲ ಶಪಿಸುತ್ತ ಟೆಂಟಿಗೇ ಓಡಿಬಂದರು. ಒದ್ದೆ ತಲೆ, ವಾಂತಿಯ ವಾಸನೆ, ಚಾಪೆಯ ಕೆಳಗೆ ಹರಿಯುವ ನೀರು, ನಡುವೆ ನೆಯ್‌ಚೋರ್ ಎಂಬ ತುಪ್ಪದನ್ನದ ಪಾತ್ರೆ. ಬೆನ್ನು ಬಟ್ಟೆಗೆ ತಾಗಿದಲ್ಲೆಲ್ಲ ಸೋರತೊಡಗಿತು. ಹೊರಗೆ ಗೂಟಗಳು ಕೆಸರಿನಿಂದ ಒಂದೊಂದಾಗಿ ಕಿತ್ತುಬಂದವು. ಕೊನೆಗೆ ಮುಖ್ಯ ಹಗ್ಗವನ್ನು ಮಾಮ ಕೈಯಲ್ಲೇ ಎಳೆದು ಹಿಡಿದು ಮಳೆಯಲ್ಲಿ ನಿಂತ. ಬಿಟ್ಟರೆ ಇಡೀ ಟೆಂಟು ನಮ್ಮ ತಲೆಯ ಮೇಲೆ ಬೀಳುತ್ತಿತ್ತು. ಒಳಗೆ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಚಿಕ್ಕಮ್ಮ ಮಾತ್ರ ಮಿಕ್ಸಿಯ ವಿಷಯ ತೆಗೆದಳು.

ಆಗ ಅಜ್ಜಿ ಬೇಸರ ಕಳೆಯಲು ಚೀಲದಿಂದ ವೀಳ್ಯದೆಲೆ ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಬಾಯಿಗೆ ಹಾಕಿಕೊಂಡಳು. ಎರಡು ಸಲ ಜಗಿದು ನಿಂತಳು. ಬೆರಳು ಹಾಕಿ ತೆಗೆದು ಅಂಗೈ ಮೇಲೆ ಇಟ್ಟು ನೋಡಿದಳು. ಎಲೆಯ ನಡುವೆ, ಸುಣ್ಣದಲ್ಲಿ ಸುಟ್ಟು ಮುರುಟಿದ ಒಂದು ಉಂಬಳ. ಚಿಕ್ಕಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ಉಮ್ಮ "ತೌಬಾ" ಎಂದಳು. ಅಜ್ಜಿ ಬಾಗಿಲ ಬಟ್ಟೆ ಸರಿಸಿ ಉಗುಳಿ, ಮಳೆನೀರಲ್ಲೇ ಬಾಯಿ ಮುಕ್ಕಳಿಸಿ, ಸ್ವಸ್ಥಾನಕ್ಕೆ ಬಂದು ಕೂತು ಗಂಭೀರವಾಗಿ ಹೇಳಿದಳು:

"ಉಪ್ಪು ಸ್ವಲ್ಪ ಕಮ್ಮಿ."

ಮೊದಲು ನಕ್ಕದ್ದು ಚಿಕ್ಕಮ್ಮ. ಆಮೇಲೆ ಯಾರು ಯಾರ ಮೇಲೆ ಬಿದ್ದು ನಕ್ಕರೆಂದು ಹೇಳಲಾರೆ. ನನ್ನ ಮೂಗಿನ ಹತ್ತಿ ಹಾರಿ ಅನ್ನದ ಪಾತ್ರೆಗೆ ಬಿದ್ದು, ಅದನ್ನು ನೋಡಿ ಇನ್ನೊಮ್ಮೆ ನಕ್ಕರು. ನಾನು ಬಾಗಿಲ ಹತ್ತಿರ ಇದ್ದವನು. ಎತ್ತಿದ ಬಟ್ಟೆಯ ಸಂದಿಯಿಂದ ಮಾಮ ಕಾಣುತ್ತಿದ್ದ. ಹಗ್ಗ ಎರಡು ಸುತ್ತು ಕೈಗೆ ಸುತ್ತಿಕೊಂಡು, ಕಣ್ಣು ಮುಚ್ಚಿ, ತಲೆಯನ್ನು ನಮ್ಮ ಕಡೆ ವಾಲಿಸಿ ನಿಂತಿದ್ದ. ಮಳೆ ಅವನ ಗಡ್ಡದಿಂದ ಇಳಿಯುತ್ತಿತ್ತು. ಅವನಿಗೆ ಆ ನಿಲುವು ಎಷ್ಟು ಅಭ್ಯಾಸವಾಗಿತ್ತೆಂದರೆ, ತಾನು ಹೊರಗಿದ್ದೇನೆಂದು ಅವನಿಗೇ ಮರೆತುಹೋಗಿರಬೇಕು. ಅಜ್ಜಿಗೆ ಮರೆತಿರಲಿಲ್ಲ.

"ಆದಂ, ಹಗ್ಗ ಬಿಡು. ಒಳಗೆ ಬಾ."

ಬಿಟ್ಟರೆ ಬೀಳುತ್ತದೆ ಎಂದ ಮಾಮ.

"ಬೀಳಲಿ. ನೀನು ಇಲ್ಲಿ ಡ್ರೈವರ್ ಅಲ್ಲ."

ಅವನು ಹಗ್ಗ ಬಿಟ್ಟ. ಅವನು ನುಗ್ಗಿ ಒಳಗೆ ಬರುವುದಕ್ಕೂ ಆ ಒದ್ದೆ ಬಟ್ಟೆಯೆಲ್ಲ ನಮ್ಮ ಮೇಲೆ ಕುಸಿಯುವುದಕ್ಕೂ ಸರಿಹೋಯಿತು. ಎಲ್ಲರೂ ಕೈ ಮೇಲೆತ್ತಿ ತಡೆದೆವು. ಅಜ್ಜಿ ಎಲೆ ಅಡಿಕೆಯ ಕೈಯಿಂದ, ನಾನು ಕಾಲುಚೀಲದ ಕೈಯಿಂದ. ನಡುವೆ ಮಾಮ ಕೂತ. ಅವನಿಗೆ ಕೈ ಎತ್ತಲು ಯಾರೂ ಬಿಡಲಿಲ್ಲ. ಚಿಕ್ಕಮ್ಮ ಒಂದು ಕೈಯಲ್ಲಿ ಆಕಾಶ ಹಿಡಿದು, ಇನ್ನೊಂದು ಕೈಯಿಂದ ಅವನ ಬಟ್ಟಲಿಗೆ ಅನ್ನ ಹಾಕಿದಳು. ಕೈ ನೋಯುತ್ತದೆಂದು ಬೈದುಕೊಳ್ಳುತ್ತ ಮಳೆ ಬಿಡುವವರೆಗೆ ಹಾಗೇ ಕೂತಿದ್ದೆವು. ಅವನು ಉಂಡ. ತಲೆ ಬಗ್ಗಿಸಿಯೇ ಉಂಡ, ಆದರೆ ನಗುತ್ತಿದ್ದ.

ಮರುದಿನ ಒದ್ದೆ ಟೆಂಟನ್ನು ಹಾಗೆಯೇ ಮಡಚಿ ತಂದೆವು. ಮನೆಯಲ್ಲಿ ಒಣಗಿಸುವ ಎಂದರೆ ದಿನಾ ಸಂಜೆ ಮಳೆ. ಬೂಷ್ಟು ಹಿಡಿಯಿತು. ಬರುವ ರಜೆಗೆ ಮತ್ತೆ ಹೋಗುವ ಎಂದು ಮಾಮ ಪ್ರತಿ ಸಲವೂ ಹೇಳುತ್ತಿದ್ದ. ಪ್ರತಿ ಸಲವೂ ಯಾರದೋ ಮದುವೆ, ಯಾರದೋ ಬಾಣಂತನ. ಅಜ್ಜಿ ಹೋದಳು. ಮಾಮನೂ ಹೋದ. ಮನೆ ರಸ್ತೆಗೆ ಹೋಯಿತು. ಪಾತ್ರೆಗಳನ್ನೂ ಮಂಚಗಳನ್ನೂ ಹಂಚಿಕೊಂಡ ಮೇಲೆ ಯಾರಿಗೂ ಬೇಡವಾಗಿ ಉಳಿದ ಈ ಚೀಲ ನನ್ನ ಪಾಲಿಗೆ ಬಂತು.

ಕಳೆದ ಚಳಿಗಾಲದಲ್ಲಿ ಹೆಂಡತಿ ಮಕ್ಕಳನ್ನು ಅದೇ ಕೆರೆಗೆ ಕರೆದುಕೊಂಡು ಹೋಗಿದ್ದೆ. ಹೋಗಬಾರದಿತ್ತು. ದಂಡೆಗೆ ಸಿಮೆಂಟಿನ ಇಟ್ಟಿಗೆ ಹಾಸಿದ್ದಾರೆ. ಸಾಲಾಗಿ ನೀಲಿ ಟೆಂಟುಗಳು, ಒಳಗೆ ಮಂಚ. ನೀರಿನ ಅಂಚಿನಲ್ಲಿ ಬಂದವರು ಬಿಟ್ಟುಹೋದ ಬಾಟಲಿ, ಚಿಪ್ಸಿನ ಪ್ಯಾಕೆಟ್, ಉಬ್ಬಿ ತೇಲುವ ಮಗುವಿನ ಡೈಪರು. ಪಕ್ಕದ ಟೆಂಟಿನವರ ಸ್ಪೀಕರಿನ ಸದ್ದಿಗೆ ಕೆರೆಯ ನೀರೇ ನಡುಗುತ್ತಿತ್ತು. ಕುಡಿದವನೊಬ್ಬ ನಮ್ಮೆದುರೇ ಕೆರೆಗೆ ಉಚ್ಚೆ ಹೊಯ್ದು, ನಮಸ್ಕಾರ ಸರ್ ಎಂದ. ಅಭ್ಯಾಸದಂತೆ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದ ನನ್ನಿಂದ ಮಗಳು ಹತ್ತು ಮಾರು ದೂರ ನಡೆಯುತ್ತಿದ್ದಳು. ಒಂದು ಉಂಬಳವೂ ಇರಲಿಲ್ಲ. ಅವುಗಳಿಗೂ ಹೇಸಿಗೆಯಾಗಿ ಹೋಗಿರಬೇಕು.

ಕಳೆದ ತಿಂಗಳು ಅಟ್ಟದಿಂದ ಬಿದ್ದ ಈ ಚೀಲವನ್ನು ಕಸದ ಗಾಡಿಗೆ ಕೊಡುವುದೆಂದು ತೀರ್ಮಾನವಾಯಿತು. ಕೊಡುವ ಮೊದಲು ತಾರಸಿಯಲ್ಲಿ ಬಿಡಿಸಿದೆ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಹೂ ಬಳ್ಳಿಯೆಲ್ಲ ಕಪ್ಪಾಗಿ, ಮುಟ್ಟಿದಲ್ಲೆಲ್ಲ ಬಟ್ಟೆ ಹಳೆ ಹಪ್ಪಳದ ಹಾಗೆ ಕಿತ್ತುಬಂತು. ಒಂದು ಬದಿಯ ಕೆಳಗಿನ ಅಂಚು ಮಾತ್ರ, ಒಬ್ಬರು ಕಾಲು ಚಾಚಿ ಕೂರುವಷ್ಟು ಉದ್ದಕ್ಕೆ, ಹಾಗೇ ಉಳಿದಿತ್ತು. ಅಲ್ಲಿ ಬೂಷ್ಟು ಹತ್ತಿರ ಬಂದಿರಲಿಲ್ಲ. ಕೆಂಪು ಕೆಂಪಾಗಿಯೇ ಇತ್ತು, ಅದರ ಮೇಲೆ ಗಟ್ಟಿಯಾಗಿ ಒಣಗಿದ ಸುಣ್ಣ, ಸುಣ್ಣದಲ್ಲಿ ಬೆರಳು ಹೋದ ಗೆರೆ.

ಅಷ್ಟನ್ನು ಕತ್ತರಿಸಿ ಬಟ್ಟೆಯ ಕಪಾಟಿನಲ್ಲಿಟ್ಟಿದ್ದೇನೆ. ಅದಕ್ಕೂ ವಾಸನೆ ಉಂಟು. ನನ್ನ ಅಂಗಿಗಳಿಗೆಲ್ಲ ಹಿಡಿದಿದೆ. ಬಸ್ಸಿನಲ್ಲಿ ಪಕ್ಕ ಕೂತವರು ಸ್ವಲ್ಪ ಆಚೆ ಸರಿಯುತ್ತಾರೆ.