ಹನ್ನೊಂದು ತಿಂಗಳು ನಿಂತ ಪಟ್ಟದ ರಾಣಿ

ಬೆಳಗಿನ ನಾಲ್ಕೂವರೆ. ತಾಂಬರಂ ಕಡೆಯಿಂದ ಬಂದ ಲೋಕಲ್ ರೈಲು ಮದರಾಸಿನ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ನಿಂತು ಹೊರಟ ಸದ್ದು ಕೇಳುವ ಹೊತ್ತಿಗೆ ಪುಟ್ಟತಾಯಮ್ಮನ ಎರಡನೇ ಗ್ರೈಂಡರ್ ತಿರುಗುತ್ತಿರುತ್ತದೆ. ಮೊದಲನೆಯದರಲ್ಲಿ ಉದ್ದು ಆಗಲೇ ನೊರೆನೊರೆಯಾಗಿ ಉಬ್ಬಿದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಈ ಅರವತ್ತೊಂದರ ಹೆಂಗಸು ಅಕ್ಕಿ ಸುರಿಯುವ ಮುಂಚೆ ಒಮ್ಮೆ ಕತ್ತೆತ್ತಿ ಗೋಡೆಯ ಹಲಗೆಯ ಕಡೆ ನೋಡುತ್ತಾರೆ. ಅಲ್ಲಿ ಒಂದಡಿ ಎತ್ತರದ ರಕ್ತಚಂದನದ ಗೊಂಬೆಯೊಂದಿದೆ. ಜರಿಯಂಚಿನ ತುಂಡು ಬಟ್ಟೆ ಉಟ್ಟ ರಾಣಿ, ಒಬ್ಬಳೇ ನಿಂತಿದ್ದಾಳೆ.

"ಇನ್ನೊಂಚೂರು ತಡ್ಕೊಳವ್ವ," ಎಂದು ಗೊಂಬೆಗೆ ಹೇಳಿ ಪುಟ್ಟತಾಯಮ್ಮ ಅಕ್ಕಿ ಸುರಿಯುತ್ತಾರೆ.

ಇದೇನಪ್ಪ ವಿಚಿತ್ರ! ದಸರೆಗೆ ಕೂರಿಸುವ ಪಟ್ಟದ ಗೊಂಬೆಗೆ ಗ್ರೈಂಡರಿನ ಪಕ್ಕ ಏನು ಕೆಲಸ? ಜೋಡಿಯ ರಾಜನೆಲ್ಲಿ? ಕೇಳಿದರೆ ಪುಟ್ಟತಾಯಮ್ಮನ ಗಂಡ ಸತ್ಯನಾರಾಯಣ ಮಂಚದ ಕೆಳಗಿನ ಟ್ರಂಕು ತೋರಿಸುತ್ತಾರೆ. "ರಾಜ ಆರಾಮಾಗಿ ಮಲಗವ್ನೆ. ರಾಣಿನೇ ಮಲಗ್ಸಿಲ್ಲ. ನಮ್ಮನೆ ಹೆಂಗಸು ಬಿಡಬೇಕಲ್ಲ!"

ನಂಜನಗೂಡಿನ ಕಡೆಯ ಪುಟ್ಟತಾಯಮ್ಮ ಮದುವೆಯಾಗಿ ಮದರಾಸಿಗೆ ಬಂದು ಮೂವತ್ತೆಂಟು ವರ್ಷ. ಗಂಡ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದಾಗ ಮಗಳು ತೇಜು ಇನ್ನೂ ಎರಡನೇ ಕ್ಲಾಸು. ಪಕ್ಕದ ಮನೆಯವರ ಹಳೇ ಗ್ರೈಂಡರಿನಲ್ಲಿ ಎರಡು ಸೇರು ಅಕ್ಕಿ ರುಬ್ಬಿ ಮಾರಿದ್ದೇ ಶುರು. ಈಗ ದಿನಕ್ಕೆ ಇಪ್ಪತ್ತೆರಡು ಕಿಲೋ ಅಕ್ಕಿ, ಐದೂವರೆ ಕಿಲೋ ಉದ್ದು. ಸಂಜೆ ರುಬ್ಬಿ ಹುಳಿ ಬಂದದ್ದು ಬೆಳಗ್ಗೆ ಮನೆಮನೆಗೆ ಹೋಗುತ್ತದೆ, ಬೆಳಗ್ಗೆ ರುಬ್ಬಿದ್ದು ಸಂಜೆಗೆ. ಆರು ಬೀದಿ, ಅರವತ್ತನಾಲ್ಕು ಮನೆ, ಎಲ್ಲ ಕಾಲ್ನಡಿಗೆ.

ಹಿಟ್ಟಿಗೆ ಪ್ರತಿ ಮನೆಯದೂ ಅವರವರದೇ ಸ್ಟೀಲಿನ ಡಬ್ಬಿ. ತುಂಬಿದ್ದು ಕೊಟ್ಟು ಖಾಲಿಯದು ತರಬೇಕು. ಈ ಖಾಲಿ ಡಬ್ಬಿಗಳೇ ಬೀದಿಯ ಅಂಚೆಪೆಟ್ಟಿಗೆಯಾದವು. ಯಾರೋ ಒಬ್ಬರು ಮೊದಲು "ನಮ್ಮ ಕಂಬದ ಲೈಟು ಉರಿಯುತ್ತಿಲ್ಲ, ಯಾರಿಗೆ ಹೇಳಬೇಕು?" ಎಂದು ಚೀಟಿ ಬರೆದು ಡಬ್ಬಿಯಲ್ಲಿ ಹಾಕಿದರು. ಪುಟ್ಟತಾಯಮ್ಮ ವಾರ್ಡ್ ಕಚೇರಿಗೆ ಹೋಗಿ ಹೇಳಿ ಬಂದರು, ಲೈಟು ಉರಿಯಿತು. ಅಷ್ಟೇ ಸಾಕಾಯಿತು! ಕಸದ ಗಾಡಿ, ನಲ್ಲಿ ನೀರು, ಬೀದಿನಾಯಿ, ಸ್ಕೂಲಿನ ಹತ್ತಿರ ಮಕ್ಕಳು ರಸ್ತೆ ದಾಟುವ ಕಷ್ಟ, ಎಲ್ಲದರ ಚೀಟಿಯೂ ಡಬ್ಬಿಗೆ ಬೀಳತೊಡಗಿತು. ತಮಿಳು ಚೀಟಿಗಳನ್ನು ಓದಿ, ಅರ್ಜಿ ಬರೆಯುವುದು ತೇಜುವಿನ ಪಾಲು. ಪೆರುಂಗುಡಿಯ ಆಫೀಸಿನಿಂದ ಸುಸ್ತಾಗಿ ಬಂದವಳು "ಪೋದುಂಮಾ, ಸಾಕು" ಎಂದು ತಮಿಳಲ್ಲಿ ಗೊಣಗುತ್ತಾಳೆ. ಗೊಣಗುತ್ತಲೇ ಬರೆಯುತ್ತಾಳೆ.

ಎಲ್ಲ ಚೀಟಿಗಳಿಗಿಂತ ಹಳೆಯದು ಬೀದಿ ಮೂಲೆಯ ಮಳೆನೀರಿನ ಮೋರಿಯದು. ಅದರ ಮೇಲಿನ ಎರಡು ಚಪ್ಪಡಿ ಮುರಿದು ಬಿದ್ದು ವರ್ಷಗಳೇ ಆಗಿವೆ. ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತದೆ, ಸುತ್ತಿ ಹೋಗಬಹುದು. ದಸರೆ ಕಳೆದು ಐಪ್ಪಸಿ ತಿಂಗಳ ಮಳೆ ಹಿಡಿದರೆ ಮುಗಿಯಿತು, ರಸ್ತೆಯೂ ಮೋರಿಯೂ ಒಂದೇ ನೀರು.

ಎರಡು ವರ್ಷದ ಹಿಂದಿನ ನವರಾತ್ರಿಯಲ್ಲಿ ಪುಟ್ಟತಾಯಮ್ಮ ಒಂದು ತಪ್ಪು ಮಾಡಿದರು. ಅದನ್ನು ತಪ್ಪು ಎನ್ನುವವರು ಬೇರೆ ಯಾರೂ ಅಲ್ಲ, ಅವರೇ. ಪ್ರತಿ ವರ್ಷ ಗೊಂಬೆಗಳ ಮುಂದೆ ಅರಮನೆಯನ್ನೋ ಉದ್ಯಾನವನ್ನೋ ಮಾಡುತ್ತಿದ್ದವರು ಆ ಸಲ ತಮ್ಮ ಬೀದಿಯನ್ನೇ ಮಾಡಿದರು. ಥರ್ಮೋಕೋಲಿನ ಮನೆ, ಬೆಂಕಿಪೊಟ್ಟಣದ ರೈಲು, ಕಡ್ಡಿಯ ಲೈಟುಕಂಬ. ಮೂಲೆಯ ಮೋರಿಯನ್ನೂ ಕೊರೆದರು. ಆದರೆ ಅದರ ಮೇಲೆ ಚೆಂದದ ಎರಡು ರಟ್ಟಿನ ಚಪ್ಪಡಿ ಮುಚ್ಚಿಬಿಟ್ಟರು.

"ದೇವಿ ಮುಂದೆ ಬಾಯ್ ಬಿಟ್ಕೊಂಡಿರೋ ಮೋರಿ ಇಡಕ್ಕಾಯ್ತದಾ? ಮನಸ್ಸು ಒಪ್ಪಲಿಲ್ಲ," ಎನ್ನುತ್ತಾರೆ.

ವಾರ್ಡಿನ ಪುಢಾರಿಯೊಬ್ಬರು ಬಂದರು, ಕಡಲೆ ಉಸಲಿ ತಿಂದರು, 'ನಮ್ಮ ವಾರ್ಡಿನ ಅಂದದ ಬೀದಿ' ಎಂದು ಫೋಟೋ ಹಿಡಿದು ಊರಿಗೆಲ್ಲ ಕಳಿಸಿದರು. ಮುಂದಿನ ತಿಂಗಳು ಮೊಣಕಾಲುದ್ದ ನೀರು ನಿಂತ ಒಂದು ಬೆಳಗ್ಗೆ ಹಾಲಿಗೆ ಹೊರಟ ಎದುರುಮನೆಯ ರಾಮದಾಸರು ಅದೇ ಮೂಲೆಯಲ್ಲಿ ಕಾಲಿಟ್ಟರು.

"ನಾನು ಹತ್ ಹೆಜ್ಜೆ ಹಿಂದೆ ಇದ್ದೆ, ಕೈ ತುಂಬ ಡಬ್ಬಿ. ನೋಡ್‌ತಾ ನೋಡ್‌ತಾನೇ ಮನ್ಸ ಇಲ್ಲ. ಕೊಡೆ ಒಂದೇ ತೇಲ್‌ತಿತ್ತು."

ಡಬ್ಬಿಗಳನ್ನು ನೀರಿಗೆ ಬಿಸಾಕಿ ಕೂಗಿ ನಾಲ್ಕು ಜನರನ್ನು ಸೇರಿಸಿ ಎಳೆದರು. ರಾಮದಾಸರ ಜೀವ ಉಳಿಯಿತು, ಸೊಂಟ ಮುರಿಯಿತು. ಎಪ್ಪತ್ತೆರಡರ ಅವರು ಈಗ ವಾಕರ್ ಹಿಡಿದು ನಡೆಯುತ್ತಾರೆ, ಆ ಮೂಲೆಗೆ ಮಾತ್ರ ಹೋಗುವುದಿಲ್ಲ. ಪುಟ್ಟತಾಯಮ್ಮನಿಗೆ ಆ ರಟ್ಟಿನ ಚಪ್ಪಡಿ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತು. ಹಾಗಿದ್ದೂ ಹೋದ ವರ್ಷ ಬೀದಿಯನ್ನು ಮತ್ತೆ ಕೂರಿಸಿದಾಗ ಅದನ್ನೇ ಮುಚ್ಚಿದರು. ದೇವಿಯ ಭಯ ಅಂಥದ್ದು!

ಆ ನವರಾತ್ರಿಯ ಮೊದಲ ದಿನ ಅರಿಶಿನ ಕುಂಕುಮಕ್ಕೆ ಬಂದವರು ರಾಮದಾಸರ ಹೆಂಡತಿ ಶ್ರೀಪ್ರಿಯಾ. ನಾಲ್ಕು ತಲೆಮಾರಿನಿಂದ ಮದರಾಸಿನಲ್ಲಿರುವ ವೈಷ್ಣವರ ಮನೆ. ಆಕೆ ಗೊಂಬೆಗಳನ್ನೆಲ್ಲ ನೋಡಿ, ಕೊನೆಗೆ ನೆಲದ ಮೇಲೆ ಕೂತು, ಎರಡೂ ಚಪ್ಪಡಿಗಳನ್ನು ತಮ್ಮ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

"ಏನ್ ಡೀ ಪುಟ್ಟತಾಯಿ, ನಮ್ಮಾತ್ತು ಯಜಮಾನರು ಬಿದ್ದ ಗುಂಡೀನ ರಟ್ಟಲ್ಲಿ ಮುಚ್ಚಿದ್ದಿಯೇ? ಇರೋದನ್ನ ಇರೋ ಹಾಗೇ ಇಡು. ದೇವಿ ಏನು ಕಣ್ಣು ಮುಚ್ಚಿಂಡು ಕೂತಿದ್ದಾಳಾ?"

ಪುಟ್ಟತಾಯಮ್ಮ ಅತ್ತುಬಿಟ್ಟರು. ಅವತ್ತಿನಿಂದ ಆ ಮನೆಯಲ್ಲಿ ಹೊಸ ಪದ್ಧತಿ. ಗೊಂಬೆ ನೋಡಲು ಬಂದವರು ಮೋರಿ ನೋಡಬೇಕು, ಅರ್ಜಿಗೆ ಸಹಿ ಹಾಕಬೇಕು, ಆಮೇಲೆ ತಾಂಬೂಲ. ಒಂಬತ್ತು ದಿನಕ್ಕೆ ನೂರಾ ಎಂಬತ್ತೇಳು ಸಹಿ. ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸುವುದು ರೂಢಿ. ಪುಟ್ಟತಾಯಮ್ಮ ರಾಜನನ್ನು ಮಲಗಿಸಿದರು, ರಾಣಿಯನ್ನು ಮುಟ್ಟಲಿಲ್ಲ.

"ಮೋರಿ ಮೇಲೆ ಹೊಸ ಚಪ್ಪಡಿ ಬೀಳೋಗಂಟ ಇವಳು ನಿಂತಿರ್ತಾಳೆ."

"ರಾಜ ಮಲಗೋದು, ರಾಣಿ ನಿಂತು ಕಾಯೋದು, ಎಲ್ಲರ ಮನೇಲೂ ಇದೇ ತಾನೇ!" ಎಂದು ಹೆಂಗಸರೆಲ್ಲ ನಕ್ಕರು. ನಗು ಹಾಗೇ ಉಳಿಯಲಿಲ್ಲ. ಅರ್ಜಿಗೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬಂತು. ಮಳೆಗಾಲಕ್ಕೆ ಪುಟ್ಟತಾಯಮ್ಮ ಮೋರಿಯ ಬಾಯಿಗೆ ಬಿದಿರು ನೆಟ್ಟು ತಮ್ಮ ಕೆಂಪು ರವಿಕೆಯ ಬಟ್ಟೆ ಕಟ್ಟಿದರು, ದಿನವೂ ಹೋಗಿ ನೋಡಿದರು.

ಈ ಆಗಸ್ಟಿನಲ್ಲಿ ವಾರ್ಡಿನ ಸಭೆ ನಡೆಯಿತು. ಪುಟ್ಟತಾಯಮ್ಮ ಹಿಟ್ಟಿನ ಚೀಲದಿಂದ ರಾಣಿಯನ್ನು ತೆಗೆದು ಅಧಿಕಾರಿಗಳ ಮೇಜಿನ ಮೇಲೆ ನಿಲ್ಲಿಸಿದರು. "ಸಾರ್, ಇವಂಗ ತೂಂಗಲೆ," ಎಂದರು. ಇವರು ನಿದ್ದೆ ಮಾಡಿಲ್ಲ ಎಂದರ್ಥ. ಸಭೆ ಗೊಳ್ಳೆಂದಿತು. ವಾರ್ಡಿನ ಯುವ ಎಂಜಿನಿಯರ್ ಒಬ್ಬರು ನಗಲಿಲ್ಲ. ಅವರ ಮನೆಯಲ್ಲೂ ಗೊಂಬೆ ಕೂರಿಸುತ್ತಾರಂತೆ. ಎಷ್ಟು ದಿನದಿಂದ ನಿಲ್ಲಿಸಿದ್ದೀರಿ ಎಂದು ಮೆಲ್ಲಗೆ ಕೇಳಿ, ಮರುದಿನ ಬೆಳಗ್ಗೆ ಟೇಪು ಹಿಡಿದು ಒಬ್ಬರೇ ಬಂದು ಅಳತೆ ತೆಗೆದುಕೊಂಡು ಹೋದರು. ಮನೆಯಲ್ಲಿ ತಾಯಿಗೆ ಹೇಳಿಬಿಟ್ಟರಂತೆ. ಈಗ ಆ ತಾಯಿ ದಿನಾ ಊಟಕ್ಕೆ ಬಡಿಸುತ್ತಾ "ರಾಣಿ ಮಲಗಿದಳಾ?" ಎಂದು ಕೇಳುತ್ತಾರಂತೆ!

ಆದರೂ ವಾರಗಳು ಉರುಳಿವೆ. ಗೊಂಬೆ ಏರಿಸುವ ಮಹಾಲಯ ಅಮಾವಾಸ್ಯೆಗೆ ಈಗ ಐದೇ ದಿನ. ಮಲಗಿಸದ ಗೊಂಬೆಯನ್ನು ಎಬ್ಬಿಸಿ ಪಟ್ಟಕ್ಕೆ ಕೂರಿಸುವ ಹಾಗಿಲ್ಲ. ಅವ್ವ ಮದುವೆಗೆ ಕೊಟ್ಟ ಜೋಡಿ, ಮೂವತ್ತೆಂಟು ವರ್ಷ ಒಮ್ಮೆಯೂ ತಪ್ಪಿಲ್ಲ.

"ಸುಮ್ನೆ ಮಲಗ್ಸಿ ಎತ್ಬುಡು, ಯಾರ್ ನೋಡ್ತಾರೆ?" ಎನ್ನುತ್ತಾರೆ ಸತ್ಯನಾರಾಯಣ.

"ಅವಳು ನೋಡ್ತಾಳಲ್ಲ," ಎಂದು ಪುಟ್ಟತಾಯಮ್ಮ ಹಿಟ್ಟು ಬಳಿಯುತ್ತಾರೆ. ದನಿ ಗಟ್ಟಿಯಿದೆ, ಕಣ್ಣು ಮಾತ್ರ ತುಂಬಿದೆ.

ಮರುದಿನ ಮುಂಜಾನೆ ಗ್ರೈಂಡರಿನ ಸದ್ದನ್ನೂ ಮೀರಿ ಬೀದಿಯಲ್ಲಿ ಲಾರಿಯ ಸದ್ದು. ಪುಟ್ಟತಾಯಮ್ಮ ಹಿಟ್ಟಿನ ಕೈಯಲ್ಲೇ ಓಡುತ್ತಾರೆ. ಕಾಂಕ್ರೀಟಿನ ಎರಡು ಹೊಸ ಚಪ್ಪಡಿ, ಆರು ಜನ ಆಳು, ಪಕ್ಕದಲ್ಲಿ ನಿದ್ದೆಗಣ್ಣಿನ ಎಂಜಿನಿಯರ್. ಏಳೂವರೆಗೆ ಮೋರಿ ಮುಚ್ಚುತ್ತದೆ. ಶ್ರೀಪ್ರಿಯಾ ಗಂಡನ ತೋಳು ಹಿಡಿದು ಕರೆತರುತ್ತಾರೆ. ರಾಮದಾಸರು ವಾಕರಿನ ಕಾಲಿನಿಂದ ಚಪ್ಪಡಿಯನ್ನು ಎರಡು ಸಲ ಕುಟ್ಟಿ ನೋಡುತ್ತಾರೆ, ಅನುಮಾನ ಹೋಗದೆ ಇನ್ನೊಂದು ಸಲ ಕುಟ್ಟುತ್ತಾರೆ. ಆಮೇಲೆ ಹೆಂಡತಿಯ ಕೈ ಬಿಡಿಸಿಕೊಂಡು ಆಚೆ ದಾಟುತ್ತಾರೆ.

ಮನೆಗೆ ಬಂದ ಪುಟ್ಟತಾಯಮ್ಮ ಕೈಕಾಲು ತೊಳೆದು, ದೀಪ ಹಚ್ಚಿ, ಹಲಗೆಯಿಂದ ರಾಣಿಯನ್ನು ಇಳಿಸುತ್ತಾರೆ. ಹನ್ನೊಂದು ತಿಂಗಳ ಹಿಟ್ಟಿನ ದೂಳನ್ನು ಸೆರಗಿನಿಂದ ಒರೆಸುತ್ತಾರೆ. ಟ್ರಂಕಿನಲ್ಲಿ ರಾಜನ ಪಕ್ಕಕ್ಕೆ ಮಲಗಿಸಿ, ಮಕ್ಕಳ ಕಾಲು ನೀವುವ ಹಾಗೆ ಆ ಮರದ ಕಾಲುಗಳನ್ನು ಹೆಬ್ಬೆರಳಿನಿಂದ ನೀವುತ್ತಾರೆ.

"ಪಾಪ, ಕಾಲು ಎಷ್ಟು ನೊಂದವೋ. ನಾಕು ದಿನ ಚೆನ್ನಾಗಿ ನಿದ್ದೆ ಮಾಡ್ಲಿ," ಎಂದು ಟ್ರಂಕು ಮುಚ್ಚುತ್ತಾರೆ. ಹೊಸಿಲು ದಾಟುವಾಗ, ಡಬ್ಬಿಗಳನ್ನು ಎತ್ತಿಕೊಳ್ಳುತ್ತಾ, ಮತ್ತೊಂದು ಮಾತು ಸೇರಿಸುತ್ತಾರೆ: "ಆಮೇಲೆ ಎದ್ದು ನಿಲ್ಲಬೇಕಲ್ಲ. ಸ್ಕೂಲ್ ಹತ್ರ ಮಕ್ಕಳು ರಸ್ತೆ ದಾಟೋ ಚೀಟಿ ಇನ್ನೂ ಬಾಕಿ ಅದೆ."